ಗಂಗಾಮೂಲದಿಂದ ವಾಂಟೇಜ್‌ಗೆ ಬಂದ ಪಂಡಿತಾ ರಮಾಬಾಯಿ



ಸ್ವಿಂಡನ್‌ನಿಂದ ಆಕ್ಸ್‌ಫರ್ಡ್ ಕಡೆಗೆ ಕಾರಿನಲ್ಲಿ ಹೋಗುವಾಗ ದಾರಿಯಲ್ಲಿ ವಾಂಟೇಜ್ ಎಂಬ ಫಲಕ ಸಿಗುತ್ತದೆ. ಕೆಲಸದ ನಿಮಿತ್ತ ನಾಲ್ಕು ವರ್ಷ ಆ ರಸ್ತೆಯಲ್ಲಿ ಓಡಾಡಿದ್ದೇನೆ, ಒಮ್ಮೆಯೂ ಆ ಕಡೆ ತಿರುಗಲಿಲ್ಲ. ರಾಜ ಆಲ್ಫ್ರೆಡ್ ಹುಟ್ಟಿದ ಊರು, ಮಾರುಕಟ್ಟೆಯ ಚೌಕದಲ್ಲಿ ಅವನ ಪ್ರತಿಮೆ ಇದೆ ಎಂಬುದಷ್ಟೇ ಗೊತ್ತಿತ್ತು. ನಮ್ಮ ಕಾರ್ಕಳ ಸೀಮೆಯ ಮಾಳದ ಮನೆತನದ ಹೆಣ್ಣುಮಗಳೊಬ್ಬಳು 1883ರಲ್ಲಿ, ಎರಡು ವರ್ಷದ ಮಗುವನ್ನು ಎತ್ತಿಕೊಂಡು, ಹಡಗಿನಲ್ಲಿ ಬಂದು ಇದೇ ವಾಂಟೇಜ್‌ನಲ್ಲಿ ಇಳಿದುಕೊಂಡಿದ್ದಳು ಅಂತ ತಿಳಿದದ್ದು ತೀರಾ ಇತ್ತೀಚೆಗೆ. ಶಾಲೆಯ ಪುಸ್ತಕದಲ್ಲಿ ಪಂಡಿತಾ ರಮಾಬಾಯಿ ಎಂಬ ಹೆಸರನ್ನು ಓದಿದ್ದೆವು, ವಿಧವೆಯರಿಗಾಗಿ ದುಡಿದವರು ಎಂದು ಒಂದು ಸಾಲು ಬರೆದು ಎರಡು ಅಂಕ ಪಡೆದಿದ್ದೆವು. ಆ ಒಂದು ಸಾಲಿನ ಹಿಂದೆ ಇಷ್ಟು ದೊಡ್ಡ ಬದುಕು ಇದೆ ಅಂತ ಯಾರೂ ಹೇಳಿರಲಿಲ್ಲ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ. ಮಾಳದ ಚಿತ್ಪಾವನ ಬ್ರಾಹ್ಮಣರು. ವಿದ್ಯೆ ಕಲಿಯಲು ಪುಣೆಗೆ ಹೋಗಿದ್ದಾಗ, ಅವರ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸಿನ ಬಾಯಿಂದ ಸಂಸ್ಕೃತ ಶ್ಲೋಕ! ಕೇಳಿದ ಹುಡುಗನಿಗೆ ಆಶ್ಚರ್ಯ. ನನ್ನ ಹೆಂಡತಿಗೂ ಕಲಿಸಬೇಕು ಅಂತ ಅಂದೇ ನಿಶ್ಚಯ ಮಾಡಿಕೊಂಡರು. ಮೊದಲ ಹೆಂಡತಿಗೆ ಕಲಿಸಲು ಮನೆಯವರು ಬಿಡಲಿಲ್ಲ. ಆಕೆ ತೀರಿಕೊಂಡ ಮೇಲೆ, ನಲವತ್ತು ದಾಟಿದ ಶಾಸ್ತ್ರಿಗಳು ಒಂಬತ್ತು ವರ್ಷದ ಲಕ್ಷ್ಮೀಬಾಯಿಯನ್ನು ಮದುವೆಯಾದರು. (ಇದನ್ನು ಬರೆಯುವಾಗ ನನಗೂ ಕಸಿವಿಸಿಯಾಗುತ್ತದೆ, ಆದರೆ ಅಂದಿನ ಕಾಲ ಹಾಗಿತ್ತು.) ಆ ಹುಡುಗಿಗೆ ಸಂಸ್ಕೃತ ಕಲಿಸತೊಡಗಿದ್ದೇ ತಡ, ಊರಿನಲ್ಲಿ ಗದ್ದಲ. ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು, ಹೆಣ್ಣಿಗೆ ಪುರಾಣ ಕಾವ್ಯ ಕಲಿಸುವುದು ಶಾಸ್ತ್ರಕ್ಕೆ ವಿರುದ್ಧವಲ್ಲ ಎಂದು ವಾದ ಮಾಡಬೇಕಾಯಿತು. ಕೊನೆಗೆ ಊರಿನ ಸಹವಾಸವೇ ಬೇಡವೆಂದು ಹೆಂಡತಿಯನ್ನು ಕರೆದುಕೊಂಡು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿದರು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ ಅದು. ಕುದುರೆಮುಖದ ಕಡೆ ಟ್ರೆಕ್ಕಿಂಗ್ ಹೋದವರಿಗೆ ಗೊತ್ತು, ಈಗಲೂ ಅಲ್ಲಿ ಮಳೆ ಹಿಡಿದರೆ ಮನುಷ್ಯರ ಸುಳಿವಿರುವುದಿಲ್ಲ. ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದರು.

ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಕೈಯಲ್ಲಿದ್ದ ಹಣವೆಲ್ಲ ಅತಿಥಿ ಸತ್ಕಾರಕ್ಕೆ, ಶಿಷ್ಯರ ಊಟಕ್ಕೆ ಕರಗಿತ್ತು. ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯೊಂದರಲ್ಲಿ ಮಗುವನ್ನು ಮಲಗಿಸಿ, ತಲೆಯ ಮೇಲೆ ಹೊರಿಸಿಕೊಂಡು ಘಟ್ಟ ಇಳಿದರು. ಅಲ್ಲಿಂದ ಮುಂದೆ ಹದಿನಾರು ವರ್ಷ ಆ ಕುಟುಂಬಕ್ಕೆ ಮನೆ ಎಂಬುದೇ ಇರಲಿಲ್ಲ. ಒಂದು ಕ್ಷೇತ್ರದಿಂದ ಇನ್ನೊಂದು ಕ್ಷೇತ್ರಕ್ಕೆ ಕಾಲ್ನಡಿಗೆ. ದೇವಸ್ಥಾನದ ಜಗಲಿಯಲ್ಲೋ ಕೆರೆಯ ದಂಡೆಯಲ್ಲೋ ಕೂತು ಪುರಾಣ ಓದುವುದು, ಜನ ಕೊಟ್ಟ ಅಕ್ಕಿ ಕಾಸುಗಳಲ್ಲಿ ಬದುಕುವುದು. ಬಂದದ್ದರಲ್ಲಿ ತಮಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ದಾನ ಮಾಡುವುದು, ಪುಣ್ಯ ಸಂಪಾದಿಸುವುದು. ಮಗಳಿಗೆ ಪಾಠ ಹೇಳಿದ್ದು ತಾಯಿ, ಬೆಳಗಿನ ಜಾವ ಮಡಿಲಲ್ಲಿ ಕೂರಿಸಿಕೊಂಡು. ಹದಿನೈದರ ಹೊತ್ತಿಗೆ ಭಾಗವತದ 18,000 ಶ್ಲೋಕಗಳು ಆಕೆಗೆ ಬಾಯಿಪಾಠ. ಸಂಸ್ಕೃತ, ಮರಾಠಿಯ ಜೊತೆಗೆ ಕನ್ನಡವೂ ಬರುತ್ತಿತ್ತು, ಮುಂದೆ ಹಿಂದಿ, ಬಂಗಾಳಿ ಸೇರಿದವು.

1870ರ ದಶಕದ ಬರಗಾಲ ಎಲ್ಲವನ್ನೂ ನುಂಗಿತು. ಕಾಡಿನಲ್ಲಿ ಹನ್ನೊಂದು ದಿನ ನೀರು ಮತ್ತು ಎಲೆಗಳಲ್ಲಿ ಜೀವ ಹಿಡಿದ ಸಂಗತಿಯನ್ನು ಅವರೇ ಮುಂದೆ ಬರೆದಿದ್ದಾರೆ. ಕೂಲಿ ಮಾಡೋಣವೆಂದರೆ ಬ್ರಾಹ್ಮಣರಿಗೆ ಕೂಲಿ ಮಾಡಿ ಗೊತ್ತಿಲ್ಲ, ಭಿಕ್ಷೆ ಬೇಡಲು ಅಭಿಮಾನ ಬಿಡದು. ಕಣ್ಣು ಕಾಣದ ಮುದುಕ ತಂದೆ ಮಕ್ಕಳಿಗೆ ಭಾರವಾಗುವುದು ಬೇಡವೆಂದು ಕೆರೆಯಲ್ಲಿ ಮುಳುಗಿ ಪ್ರಾಣ ಬಿಡಲು ಸಿದ್ಧರಾಗಿದ್ದರಂತೆ, ಮಗ ತಡೆದ. 1874ರಲ್ಲಿ ತಂದೆ ತೀರಿಕೊಂಡರು. ಸ್ವಲ್ಪ ದಿನಕ್ಕೆ ತಾಯಿ, ಆಮೇಲೆ ಅಕ್ಕ ಕೃಷ್ಣಾಬಾಯಿ. ಉಳಿದದ್ದು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ನಡೆಯುತ್ತಲೇ ಇದ್ದರು, ಕಾಶ್ಮೀರದ ಕಡೆಗೆ, ಪಂಜಾಬಿಗೆ, ಬಂಗಾಳಕ್ಕೆ. ಝೀಲಂ ನದಿಯ ದಂಡೆಯಲ್ಲಿ ಹೊದೆಯಲು ಕಂಬಳಿಯಿಲ್ಲದೆ, ಮರಳಿನಲ್ಲಿ ಗುಂಡಿ ತೋಡಿ ಒಳಗೆ ಮಲಗಿ, ತಲೆಯೊಂದನ್ನು ಬಿಟ್ಟು ಮೈಗೆಲ್ಲ ಒಣ ಮರಳು ಮುಚ್ಚಿಕೊಂಡು ರಾತ್ರಿ ಕಳೆದದ್ದುಂಟು.

ಈ ನಡಿಗೆಯಲ್ಲಿ ಅವರ ನಂಬಿಕೆಯೂ ಸವೆದುಹೋಯಿತು. ಶಾಸ್ತ್ರ ಹೇಳಿದ ವ್ರತ, ಸ್ನಾನ, ದಾನ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದವರು ಹಸಿವಿನಿಂದ ಸತ್ತರು. ಇದಕ್ಕೆ ಅಣ್ಣತಂಗಿಯರ ಬಳಿ ಉತ್ತರ ಇರಲಿಲ್ಲ. ನಿಯಮಗಳನ್ನು ಪಾಲಿಸುತ್ತಿದ್ದರು, ಮನಸ್ಸು ಮಾತ್ರ ಅಲ್ಲಿರಲಿಲ್ಲ.

1878ರಲ್ಲಿ ಕಲ್ಕತ್ತೆ ತಲುಪಿದಾಗ ಅಲ್ಲಿನ ಪಂಡಿತರು ಈ ಇಪ್ಪತ್ತರ ಹುಡುಗಿಯ ಸಂಸ್ಕೃತ ಕೇಳಿ ಬೆರಗಾದರು. ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಅದೇ ಊರಿನಲ್ಲಿ ಅವರು ಮೊದಲ ಬಾರಿಗೆ ಕ್ರೈಸ್ತರ ಕೂಟವೊಂದಕ್ಕೆ ಹೋದದ್ದು. ಅಲ್ಲಿ ಎಲ್ಲರೂ ಕುರ್ಚಿಗಳ ಮುಂದೆ ಮಂಡಿಯೂರಿ ಕಣ್ಣು ಮುಚ್ಚಿದ್ದನ್ನು ನೋಡಿ, ಇವರು ಕುರ್ಚಿಯನ್ನೇ ಪೂಜೆ ಮಾಡುತ್ತಾರೇನೋ ಅಂದುಕೊಂಡರಂತೆ! ಬ್ರಾಹ್ಮಣರಾಗಿ ಹುಟ್ಟಿ ಕ್ರೈಸ್ತರಾದವರು ಬ್ರೆಡ್ಡು ಬಿಸ್ಕತ್ತು ತಿಂದು ಟೀ ಕುಡಿಯುವುದನ್ನು ಕಂಡು, ಕಲಿಯುಗ ಪೂರ್ತಿ ಬಂದೇಬಿಟ್ಟಿತು ಎನ್ನಿಸಿತಂತೆ. ಅಲ್ಲಿ ಕೈಗೆ ಕೊಟ್ಟ ಸಂಸ್ಕೃತ ಬೈಬಲನ್ನು ಓದಿ ನೋಡಿದರೆ ತಲೆಬುಡ ಅರ್ಥವಾಗಲಿಲ್ಲ. ಮುಂದೆ ಜೀವನದ ಕೊನೆಯ ವರ್ಷಗಳನ್ನು ಅದೇ ಪುಸ್ತಕಕ್ಕೆ ಕೊಟ್ಟವರ ಮೊದಲ ಅನುಭವ ಇದು.

ಪಂಡಿತರು ಇವರನ್ನು ಸ್ತ್ರೀಯರಿಗೆ ಧರ್ಮಶಾಸ್ತ್ರದ ಉಪನ್ಯಾಸ ಕೊಡಲು ಕೇಳಿದರು. ಅದಕ್ಕಾಗಿ ಸ್ಮೃತಿಗಳನ್ನು ಓದುತ್ತಾ ಹೋದಂತೆ ಅವರಿಗೆ ಒಂದು ವಿಷಯ ಚುಚ್ಚಿತು. ನೂರು ವಿಷಯಗಳಲ್ಲಿ ಒಂದಕ್ಕೊಂದು ಒಪ್ಪದ ಗ್ರಂಥಗಳು, ಹೆಂಗಸರು ಮತ್ತು ಶೂದ್ರರು ಕೀಳು, ಅವರಿಗೆ ಸ್ವತಂತ್ರವಾಗಿ ಮೋಕ್ಷ ಇಲ್ಲ ಎಂಬುದರಲ್ಲಿ ಮಾತ್ರ ಒಂದಾಗಿವೆ ಎಂದು ಅವರಿಗೆ ಕಂಡಿತು. ಇದು ಅವರ ಓದು. ಇದನ್ನು ಒಪ್ಪದ ವಿದ್ವಾಂಸರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಆ ಗ್ರಂಥಗಳನ್ನು ಮೂಲದಲ್ಲಿ ಓದಿ, ಹಸಿದ ಹೊಟ್ಟೆಯಲ್ಲಿ ಅನುಭವಿಸಿ ಹೇಳಿದವರ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಕೇಶವಚಂದ್ರ ಸೇನರು ವೇದ ಓದಿ ಎಂದು ಪ್ರತಿಯೊಂದನ್ನು ಕೊಟ್ಟರು. ಬ್ರಾಹ್ಮ ಸಮಾಜದ ಗೆಳೆತನ ಸ್ವಲ್ಪ ಕಾಲ ಸಮಾಧಾನ ಕೊಟ್ಟಿತು.

1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ರಮಾಬಾಯಿ ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ, ರಿಜಿಸ್ಟರ್ ಮದುವೆ. ಇಂದಿಗೂ ನಮ್ಮ ಮನೆಗಳಲ್ಲಿ ಫೋನ್ ಕಾಲ್‌ಗಳ ಸುರಿಮಳೆಯಾಗುವ ವಿಷಯ, 1880ರಲ್ಲಿ ಹೇಗಿದ್ದಿರಬೇಕು ನೀವೇ ಊಹಿಸಿ. ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ. ಅಲ್ಲಿ ಮನೆಯ ಪುಸ್ತಕದ ಕಪಾಟಿನಲ್ಲಿ ಬಂಗಾಳಿಯ ಲೂಕನ ಸುವಾರ್ತೆಯ ಚಿಕ್ಕ ಪುಸ್ತಕ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಬಂತೋ ಅವರಿಗೇ ಗೊತ್ತಿರಲಿಲ್ಲ. ಆಸಕ್ತಿಯಿಂದ ಓದಿದರು. ಗಂಡನಿಗೆ ಆಕೆ ಕ್ರೈಸ್ತಳಾಗುವ ವಿಚಾರ ಸ್ವಲ್ಪವೂ ಹಿಡಿಸಲಿಲ್ಲ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ತೀರಿಹೋದರು. ಇಪ್ಪತ್ತಮೂರು ವರ್ಷದ ವಿಧವೆ, ಹತ್ತು ತಿಂಗಳ ಕೂಸು.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಸ್ಥಾಪಿಸಿದ್ದು, ಹಂಟರ್ ಆಯೋಗದ ಮುಂದೆ ಹೆಣ್ಣು ಶಿಕ್ಷಕಿಯರು ಮತ್ತು ಹೆಣ್ಣು ವೈದ್ಯರು ಬೇಕೆಂದು ಸಾಕ್ಷಿ ನುಡಿದದ್ದು, ಸ್ತ್ರೀ ಧರ್ಮನೀತಿ ಎಂಬ ಪುಸ್ತಕ ಬರೆದು ಇಂಗ್ಲೆಂಡಿನ ಪ್ರಯಾಣಕ್ಕೆ ಹಣ ಕೂಡಿಸಿದ್ದು, ಇವೆಲ್ಲ ಒಂದೇ ವರ್ಷದ ಕೆಲಸ. ತಾವೇ ವೈದ್ಯೆಯಾಗಬೇಕೆಂಬುದು ಆಸೆ. ಪುಣೆಯಲ್ಲಿ ಶಾಖೆ ಇದ್ದ ವಾಂಟೇಜಿನ ಸೇಂಟ್ ಮೇರಿ ದಿ ವರ್ಜಿನ್ ಸಂನ್ಯಾಸಿನಿಯರ ಸಂಘ ಆಸರೆ ಕೊಡಲು ಒಪ್ಪಿತು. ಹೊರಡುವಾಗ ತಾವು ಮತಾಂತರವಾಗುವುದಿಲ್ಲ ಎಂದು ಎಲ್ಲರಿಗೂ ಖಡಾಖಂಡಿತವಾಗಿ ಹೇಳಿಯೇ ಹೊರಟಿದ್ದರು.

ವಾಂಟೇಜಿನ ಆ ಮೊದಲ ತಿಂಗಳುಗಳು ಸುಖದ್ದಾಗಿರಲಿಲ್ಲ. ಕಿವಿ ಮಂದವಾಗತೊಡಗಿತ್ತು, ವೈದ್ಯಕೀಯ ಓದುವ ಆಸೆ ಬಿಡಬೇಕಾಯಿತು. ಜೊತೆಯಲ್ಲಿ ಬಂದಿದ್ದ ಆನಂದೀಬಾಯಿ ಭಗತ್ ಎಂಬ ಗೆಳತಿ ಮತಾಂತರದ ಭಯ, ಮನಸ್ಸಿನ ತಳಮಳಗಳ ನಡುವೆ ಆತ್ಮಹತ್ಯೆ ಮಾಡಿಕೊಂಡರು. ಪರದೇಶಕ್ಕೆ ಬಂದ ಹೊಸತರಲ್ಲಿ ಒಂಟಿತನ ಏನೆಂದು ನಮಗೆ ಗೊತ್ತು. ನಮಗಾದರೋ ಫೋನ್ ಇದೆ, ವರ್ಷಕ್ಕೊಮ್ಮೆ ಊರಿಗೆ ಟಿಕೆಟ್ ಇದೆ, ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚಲು ಕನ್ನಡ ಸಂಘ ಇದೆ. ಆ ತಾಯಿಗೆ ಏನಿತ್ತು?

ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಈ ಸಂಘದವರು ದಾರಿ ತಪ್ಪಿದ ಹೆಂಗಸರಿಗಾಗಿ ಒಂದು ಆಶ್ರಯ ನಡೆಸುತ್ತಿದ್ದರು. ರಮಾಬಾಯಿ ಅಲ್ಲಿಗೆ ಹೋಗಿ ನೋಡಿದರು. ಹಿಂದೆ ಸಮಾಜ ಉಗಿದು ಹೊರಹಾಕಿದ ಹೆಂಗಸರು, ಈಗ ತಮ್ಮಂಥ ಇನ್ನೊಬ್ಬರ ಆರೈಕೆ ಮಾಡುತ್ತಿದ್ದಾರೆ. ಇಂಥವರನ್ನು ಮುಟ್ಟಿ ಮಾತನಾಡಿಸುವ, ಮತ್ತೆ ಮನುಷ್ಯರನ್ನಾಗಿ ನಿಲ್ಲಿಸುವ ಮನಸ್ಸು ಎಲ್ಲಿಂದ ಬಂತು ಎಂದು ಅಲ್ಲಿನ ಸಿಸ್ಟರ್‌ರನ್ನು ಕೇಳಿದರು. ಉತ್ತರವಾಗಿ ಆಕೆ, ಬಾವಿಯ ಕಟ್ಟೆಯ ಬಳಿ ಸಮಾರ್ಯದ ಹೆಂಗಸೊಬ್ಬಳ ಹತ್ತಿರ ಯೇಸು ನೀರು ಕೇಳಿದ ಕಥೆಯನ್ನು ಯೋಹಾನನ ಸುವಾರ್ತೆಯಿಂದ ಓದಿ ಹೇಳಿದರು. ಕೀಳು ಕುಲದವಳು, ಐದು ಗಂಡಂದಿರನ್ನು ಕಂಡವಳು, ಯಾರೂ ಇಲ್ಲದ ಮಧ್ಯಾಹ್ನದ ಹೊತ್ತು ನೀರಿಗೆ ಬಂದವಳು. ಅಂಥವಳೊಂದಿಗೆ ಕೂತು ಜೀವಜಲದ ಮಾತನಾಡಿದ ಗುರು. ಹೆಣ್ಣಿಗೆ ಮೋಕ್ಷವಿಲ್ಲ ಎಂಬ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿದ್ದವರಿಗೆ ಈ ಕಥೆ ಎಲ್ಲಿ ತಾಗಿತು ಎಂದು ಬಿಡಿಸಿ ಹೇಳಬೇಕಿಲ್ಲ.

ಬುದ್ಧಿಗೆ ಇದ್ದ ಸಂಶಯಗಳನ್ನು ಬಗೆಹರಿಸಿದ್ದು ನೆಹೆಮಿಯಾ ಗೋರೆಯವರ ಪತ್ರಗಳು. ಅವರೂ ಚಿತ್ಪಾವನರೇ, ಕಾಶಿಯಲ್ಲಿ ಬೆಳೆದ ನೀಲಕಂಠಶಾಸ್ತ್ರಿ, ದರ್ಶನಗಳನ್ನು ಅರೆದು ಕುಡಿದು ಆಮೇಲೆ ಕ್ರೈಸ್ತರಾದವರು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳು ಇಬ್ಬರಿಗೂ ವಾಂಟೇಜಿನಲ್ಲಿ ದೀಕ್ಷಾಸ್ನಾನವಾಯಿತು. ಪುಣೆಯಲ್ಲಿ ಕೋಲಾಹಲ. ಬೈದವರು ಬಹಳ, ಬೆನ್ನಿಗೆ ನಿಂತವರು ಕೆಲವರು, ಅವರಲ್ಲಿ ಜ್ಯೋತಿಬಾ ಫುಲೆ ಒಬ್ಬರು.

ಇಲ್ಲಿಗೆ ಕಥೆ ಮುಗಿಯಿತು, ಇನ್ನು ಸೇವೆಯ ಪಟ್ಟಿ ಅಂತ ಹೆಚ್ಚಿನ ಲೇಖನಗಳು ಮುಂದೆ ಹೋಗುತ್ತವೆ. ನನಗೆ ಕುತೂಹಲ ಹುಟ್ಟಿದ್ದೇ ಇಲ್ಲಿಂದಾಚೆಗೆ. ಏಕೆಂದರೆ ರಮಾಬಾಯಿಯವರ ಪ್ರಕಾರವೇ, ಅವರ ಒಳಗಿನ ಬದಲಾವಣೆ ಆ ದಿನ ಆಗಲಿಲ್ಲ. ಅದಕ್ಕೆ ಇನ್ನೂ ಎಂಟು ವರ್ಷ ಬೇಕಾಯಿತು.

ಆ ಎಂಟು ವರ್ಷ ಅವರು ಜಗಳವಾಡುತ್ತಲೇ ಇದ್ದರು. ತಮ್ಮನ್ನು ಮಗಳಂತೆ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಜೆರಾಲ್ಡಿನ್ ಜೊತೆ, ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನ ಪ್ರಿನ್ಸಿಪಾಲ್ ಡೊರೊಥಿಯಾ ಬೀಲ್ ಜೊತೆ, ಬಿಷಪ್ಪರ ಜೊತೆ. ಚೆಲ್ಟನ್‌ಹ್ಯಾಮ್‌ನಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ ಕಲಿಯುತ್ತಾ ಸಂಸ್ಕೃತ ಕಲಿಸುತ್ತಿದ್ದರು. ಅಲ್ಲಿ ಗಂಡು ವಿದ್ಯಾರ್ಥಿಗಳಿಗೂ ಪಾಠ ಹೇಳಬಹುದೇ ಎಂಬ ಪ್ರಶ್ನೆ ಬಂದಾಗ ಬಿಷಪ್ಪರು ಕೂಡದು ಎಂದರು. ಹಿಂದೂಸ್ತಾನದ ಊರೂರಿನಲ್ಲಿ ಗಂಡಸರ ಸಭೆಗಳಲ್ಲಿ ನಿಂತು ಉಪನ್ಯಾಸ ಮಾಡಿದವರಿಗೆ ಇಂಗ್ಲೆಂಡಿನಲ್ಲಿ ಈ ಕಟ್ಟುಪಾಡು! ಅವರಿಗೆ ಸಿಟ್ಟು ಬಂತು. ತ್ರಿಯೇಕ ದೇವರ ತತ್ವ ಬೈಬಲಿನಲ್ಲಿ ಎಲ್ಲಿದೆ ತೋರಿಸಿ ಎಂದು ವಾದಿಸಿದರು. ಚರ್ಚಿನ ಮಾತನ್ನು ಹಾಗೇ ಒಪ್ಪು ಎಂದಾಗ, ಒಂದು ಪುರೋಹಿತರ ಅಧಿಕಾರದಿಂದ ಈಗಷ್ಟೇ ಹೊರಬಂದಿದ್ದೇನೆ, ಇನ್ನೊಂದಕ್ಕೆ ತಲೆ ಕೊಡಲಾರೆ ಎಂಬ ಅರ್ಥದಲ್ಲಿ ಬರೆದರು. ಶಿಲುಬೆಯ ಮೇಲಿನ ಬರಹ ಲ್ಯಾಟಿನ್ನಿನಲ್ಲಿ ಯಾಕೆ, ಸಂಸ್ಕೃತದಲ್ಲಿರಲಿ ಎಂದರು. ಮೊಟ್ಟೆ ಹಾಕಿದ ಪುಡ್ಡಿಂಗ್ ಮುಟ್ಟಲಿಲ್ಲ. ಕೊನೆಯವರೆಗೂ ಸಸ್ಯಾಹಾರಿಯಾಗಿಯೇ ಉಳಿದರು. ಇಲ್ಲಿನ ಆಫೀಸ್ ಪಾರ್ಟಿಗಳಲ್ಲಿ ಕೇಕ್‌ನಲ್ಲಿ ಮೊಟ್ಟೆ ಇದೆಯಾ ಎಂದು ವಿಚಾರಿಸುವ ನಮ್ಮವರಿಗೆ ಅವರು ಹಿರಿಯಕ್ಕ ಎನ್ನಬಹುದು.

ಆನಂದೀಬಾಯಿ ಜೋಶಿಯವರು ಅಮೆರಿಕದಲ್ಲಿ ಡಾಕ್ಟರ್ ಪದವಿ ಪಡೆಯುವ ಸಮಾರಂಭಕ್ಕೆಂದು 1886ರಲ್ಲಿ ಫಿಲಡೆಲ್ಫಿಯಾಕ್ಕೆ ಹೋದವರು ಎರಡೂವರೆ ವರ್ಷಕ್ಕೂ ಮಿಗಿಲಾಗಿ ಅಲ್ಲೇ ಉಳಿದರು. ಊರೂರು ತಿರುಗಿ ಭಾಷಣ ಮಾಡಿದರು. 1887ರಲ್ಲಿ ದಿ ಹೈ ಕಾಸ್ಟ್ ಹಿಂದೂ ವುಮನ್ ಪುಸ್ತಕ ಬಂತು, ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು. ಹತ್ತು ವರ್ಷ ಹಣ ಕೊಡುತ್ತೇವೆ, ಬಾಲವಿಧವೆಯರಿಗೆ ಶಾಲೆ ತೆರೆಯಿರಿ, ಧರ್ಮದ ಬೋಧನೆ ಮಾತ್ರ ಬೇಡ ಎಂಬ ಒಪ್ಪಂದ. 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ತೆರೆಯಿತು. ಮೊದಲ ವಿದ್ಯಾರ್ಥಿನಿಯರಲ್ಲಿದ್ದ ವಿಧವೆ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಸದನ 1890ರಲ್ಲಿ ಪುಣೆಗೆ ಸ್ಥಳಾಂತರವಾಯಿತು. ಹೊರಗಿನಿಂದ ನೋಡಿದರೆ ಎಲ್ಲವೂ ಗೆಲುವು.

ಒಳಗೆ ಮಾತ್ರ ಖಾಲಿ. 1907ರಲ್ಲಿ ಪ್ರಕಟಿಸಿದ ಆತ್ಮಕಥನದ ಚಿಕ್ಕ ಪುಸ್ತಕದಲ್ಲಿ ಅವರು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಕ್ರೈಸ್ತ ಧರ್ಮ ತಮಗೆ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಸಿದ್ಧಾಂತ ಒಪ್ಪಿಗೆಯಾಗಿತ್ತು, ಸೇವೆ ಮೆಚ್ಚುಗೆಯಾಗಿತ್ತು, ಹೃದಯಕ್ಕೆ ನೆಮ್ಮದಿ ಇರಲಿಲ್ಲ. ನಮ್ಮ ವೃತ್ತಿಯಲ್ಲೂ ಇಂಥದ್ದು ನೋಡುತ್ತೇವೆ. ಡಿಸೈನ್ ಕಾಗದದ ಮೇಲೆ ಸರಿಯಿರುತ್ತದೆ, ಪ್ರತಿ ಭಾಗವೂ ಟೆಸ್ಟ್ ಪಾಸಾಗಿರುತ್ತದೆ, ಒಟ್ಟಿಗೆ ಓಡಿಸಿದರೆ ಯಾಕೋ ಜೀವ ಬರುವುದಿಲ್ಲ.

1891ರ ಸುಮಾರಿಗೆ ಅವರ ಕೈಗೆ ವಿಲಿಯಂ ಹ್ಯಾಸ್ಲಮ್ ಎಂಬ ಆಂಗ್ಲಿಕನ್ ಪಾದ್ರಿಯ ಆತ್ಮಕಥೆ ಬಂತು. ಈ ಹ್ಯಾಸ್ಲಮ್ ಇದೇ ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ವರ್ಷಗಟ್ಟಲೆ ಪಾದ್ರಿಯಾಗಿದ್ದವರು. ಚರ್ಚು ಕಟ್ಟಿಸಿದ್ದರು, ವಿಧಿಗಳನ್ನು ನಿಷ್ಠೆಯಿಂದ ನಡೆಸುತ್ತಿದ್ದರು. 1851ರ ಒಂದು ಭಾನುವಾರ ಪೀಠದಲ್ಲಿ ನಿಂತು ಉಪದೇಶ ಮಾಡುತ್ತಿರುವಾಗಲೇ, ತಾನು ಬೇರೆಯವರಿಗೆ ಹೇಳುತ್ತಿರುವುದು ತನಗೇ ಇನ್ನೂ ಆಗಿಲ್ಲ ಎಂದು ಅವರಿಗೆ ಹೊಳೆಯಿತು. ಮಾತಾಡುತ್ತಾ ಆಡುತ್ತಾ ಮುಖವೇ ಬದಲಾಯಿತು. ಕೂತಿದ್ದ ಜನರಲ್ಲಿ ಒಬ್ಬಾತ ಎದ್ದು ನಿಂತು, ನಮ್ಮ ಪಾದ್ರಿಗೇ ಪರಿವರ್ತನೆಯಾಯಿತು ಎಂದು ಕೂಗಿದನಂತೆ, ಇಡೀ ಚರ್ಚು ಗದ್ದಲವೆದ್ದಿತು. ಇದನ್ನು ಓದಿದ ರಮಾಬಾಯಿಗೆ ತಮ್ಮದೇ ಕಥೆ ಓದಿದಂತಾಯಿತು.

ಆಮೇಲೆ ಅವರಿಗೆ ಅರ್ಥವಾದದ್ದೇನು? ತಾನು ಇನ್ನೂ ಒಳ್ಳೆಯವಳಾದ ಮೇಲೆ, ಇನ್ನೂ ತಿಳಿದುಕೊಂಡ ಮೇಲೆ, ಇನ್ನೂ ಸೇವೆ ಮಾಡಿದ ಮೇಲೆ ದೇವರು ಒಪ್ಪಿಕೊಳ್ಳುತ್ತಾನೆ ಎಂದು ಕಾಯುವ ಅಗತ್ಯವಿಲ್ಲ, ಈಗ ಹೇಗಿದ್ದೇನೋ ಹಾಗೆಯೇ, ಬರಿಗೈಯಲ್ಲಿ, ತನ್ನನ್ನು ಕ್ರಿಸ್ತನಿಗೆ ಒಪ್ಪಿಸಿಕೊಳ್ಳಬಹುದು ಎಂಬುದು. ಕೇಳಲು ಸಣ್ಣ ಮಾತು. ಆದರೆ ಅವರ ಬಾಲ್ಯವನ್ನು ನೆನೆಸಿಕೊಳ್ಳಿ. ಪ್ರತಿ ಹೆಜ್ಜೆಯೂ ಪುಣ್ಯದ ಲೆಕ್ಕ, ಪ್ರತಿ ಶ್ಲೋಕವೂ ಪುಣ್ಯದ ಲೆಕ್ಕ, ಕೊನೆಗೆ ಆ ಲೆಕ್ಕ ಕೈಕೊಟ್ಟು ಅಪ್ಪ ಅಮ್ಮ ಹಸಿದು ಸತ್ತದ್ದು. ಮತ ಬದಲಾದರೂ ಆ ಲೆಕ್ಕದ ಪುಸ್ತಕ ಅವರ ಒಳಗೆ ತೆರೆದೇ ಇತ್ತು, ಶ್ಲೋಕದ ಜಾಗದಲ್ಲಿ ಶಾಲೆ, ಸಮಿತಿ, ವಾದಗಳು ಬಂದಿದ್ದವು ಅಷ್ಟೇ ಎಂದು ನನಗನ್ನಿಸುತ್ತದೆ. 1891ರಲ್ಲಿ ಅವರು ಆ ಪುಸ್ತಕ ಮುಚ್ಚಿದರು. ನಾನು ಕ್ರೈಸ್ತನಲ್ಲ, ಇದನ್ನು ಒಳಗಿನಿಂದ ವಿವರಿಸುವ ಅರ್ಹತೆ ನನಗಿಲ್ಲ. ಆದರೆ ಆಮೇಲಿನ ರಮಾಬಾಯಿ ಬೇರೆ ಮನುಷ್ಯರು ಎನ್ನುವುದು ಅವರು ಮಾಡಿದ ಕೆಲಸಗಳಲ್ಲೇ ಕಾಣುತ್ತದೆ.

ಮೊದಲ ಫಲ ಮಾತ್ರ ಕಹಿ. ಬೆಳಗಿನ ಪ್ರಾರ್ಥನೆಯನ್ನು ಅವರು ತಮ್ಮ ಕೋಣೆಯಲ್ಲಿ ಬಾಗಿಲು ತೆರೆದೇ ಮಾಡುತ್ತಿದ್ದರು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕೂರತೊಡಗಿದರು. ಸುದ್ದಿ ಹೊರಗೆ ಹೋಯಿತು. ತಿಲಕರ ಕೇಸರಿ ಪತ್ರಿಕೆ ಹರಿಹಾಯ್ದಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಸಲಹಾ ಸಮಿತಿಯಿಂದ ಹೊರಬಂದರು, ಪಾಲಕರು ಹುಡುಗಿಯರನ್ನು ವಾಪಸ್ ಕರೆದೊಯ್ದರು. ಇಲ್ಲಿ ಯಾರು ಸರಿ? ಯಾರನ್ನೂ ಬಲವಂತ ಮಾಡಿಲ್ಲ, ನನ್ನ ಕೋಣೆಯಲ್ಲಿ ನನ್ನ ದೇವರನ್ನು ಪ್ರಾರ್ಥಿಸಲು ಬಾಗಿಲು ಯಾಕೆ ಹಾಕಬೇಕು ಎಂಬುದು ರಮಾಬಾಯಿಯವರ ವಾದ. ಆದರೆ ತಾಯಿಯಂತೆ ಸಾಕುವವಳು ಸಂತೋಷದಿಂದ ಪ್ರಾರ್ಥಿಸುವಾಗ, ಆಸರೆಯಿಲ್ಲದ ಹನ್ನೆರಡರ ಹುಡುಗಿ ಆ ಕಡೆ ವಾಲದೆ ಇರುತ್ತಾಳೆಯೇ? ಧರ್ಮದ ವಿಷಯ ತರುವುದಿಲ್ಲ ಎಂದು ನಂಬಿ ಕಳಿಸಿದ ಪಾಲಕರ ಆತಂಕ ಸುಳ್ಳಲ್ಲ. ಪತ್ರಿಕೆಗಳು ಬಳಸಿದ ಭಾಷೆ ಅನ್ಯಾಯದ್ದು, ಪಾಲಕರ ಪ್ರಶ್ನೆ ನ್ಯಾಯದ್ದು ಎಂಬುದು ನನ್ನ ಅಭಿಪ್ರಾಯ. ಮುಂದೆ ಅಮೆರಿಕದಲ್ಲಿ ವಿವೇಕಾನಂದರಿಗೂ ಬ್ರೂಕ್ಲಿನ್ನಿನ ರಮಾಬಾಯಿ ಸರ್ಕಲ್‌ನವರಿಗೂ ತಿಕ್ಕಾಟವಾದದ್ದನ್ನು ನಿಮ್ಮಲ್ಲಿ ಹಲವರು ಓದಿರುತ್ತೀರಿ.

1896-97ರಲ್ಲಿ ಮಧ್ಯ ಪ್ರಾಂತ್ಯಗಳಲ್ಲಿ ಬರಗಾಲ ಬಿತ್ತು. ಬರ ಎಂಬ ಪದ ಕೇಳಿದರೆ ರಮಾಬಾಯಿಗೆ ಏನಾಗುತ್ತಿದ್ದಿರಬೇಕು? ಇಪ್ಪತ್ತು ವರ್ಷದ ಹಿಂದಿನ ಕಾಡು, ಎಲೆಗಳು, ಅಪ್ಪ. ಹೋಗಬಾರದು ಎಂದು ಮನಸ್ಸು ಹಿಂಜರಿಯಿತು, ಕೈಯಲ್ಲಿ ಹಣವೂ ಇರಲಿಲ್ಲ. ಹೋದರು. ಪರಿಹಾರ ಶಿಬಿರಗಳಲ್ಲಿ ಎಲುಬಿನ ಗೂಡುಗಳಂತಿದ್ದ ಹುಡುಗಿಯರನ್ನೂ, ಅವರ ಸುತ್ತ ಸುಳಿಯುತ್ತಿದ್ದ ದಲ್ಲಾಳಿಗಳನ್ನೂ ಕಂಡರು. ಮುನ್ನೂರು ಹುಡುಗಿಯರನ್ನು ಉಳಿಸಬೇಕೆಂದು ನಿಶ್ಚಯಿಸಿದರು. ಯಾವ ಸಮಿತಿಯ ಅನುಮತಿಯೂ ಇಲ್ಲ, ಬಜೆಟ್ಟೂ ಇಲ್ಲ. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗ್. ಊರೊಳಗೆ ಇಷ್ಟು ಜನರನ್ನು ಇಡಕೂಡದೆಂದು ಸರ್ಕಾರದ ಆಜ್ಞೆ. ಪುಣೆಯಿಂದ ಆಚೆ ಕೇಡಗಾಂವ್ ಎಂಬಲ್ಲಿ ಕೊಂಡಿದ್ದ ಸುಮಾರು ನೂರು ಎಕರೆ ಒಣನೆಲಕ್ಕೆ ಹುಡುಗಿಯರನ್ನು ಕರೆದುಕೊಂಡು ಹೋಗಿ ಡೇರೆ ಹಾಕಿದರು. ಅದೇ ಮುಕ್ತಿ ಆಶ್ರಮ. ಕಲಬುರ್ಗಿ, ಸೊಲ್ಲಾಪುರದ ಮೇಲೆ ಮುಂಬಯಿಗೆ ರೈಲಿನಲ್ಲಿ ಹೋದವರೆಲ್ಲ ದೌಂಡ್ ದಾಟಿದ ಮೇಲೆ ಕೇಡಗಾಂವ್ ಸ್ಟೇಷನ್ನನ್ನು ನೋಡದೆಯೇ ನೋಡಿರುತ್ತೀರಿ.

ಬದಲಾವಣೆ ಗಮನಿಸಿ. ಶಾರದಾ ಸದನ ಇದ್ದದ್ದು ಮೇಲ್ಜಾತಿಯ ವಿಧವೆಯರಿಗೆ, ಅವರ ಮಡಿಗೆ ಭಂಗ ಬಾರದಂತೆ ಅಡಿಗೆಯ ಏರ್ಪಾಡು ಇತ್ತು. ಮುಕ್ತಿಯಲ್ಲಿ ಯಾವ ಜಾತಿ ಎಂದು ಕೇಳಲಿಲ್ಲ. ಕುರುಡರು ಬಂದರು, ರೋಗಿಗಳು ಬಂದರು, ದಾರಿ ತಪ್ಪಿದವರು ಎಂದು ಊರು ಕರೆದವರಿಗೆ ಕೃಪಾ ಸದನ ಎಂಬ ಪ್ರತ್ಯೇಕ ಮನೆಯಾಯಿತು. ಫುಲ್‌ಹ್ಯಾಮ್‌ನಲ್ಲಿ ಕಂಡದ್ದು ಹದಿನೈದು ವರ್ಷದ ಮೇಲೆ ಕೇಡಗಾಂವ್‌ನಲ್ಲಿ ಎದ್ದು ನಿಂತಿತು. 1900ರ ಗುಜರಾತಿನ ಬರಗಾಲದ ನಂತರ ಅಲ್ಲಿ ಹೆಚ್ಚುಕಡಿಮೆ ಎರಡು ಸಾವಿರ ಜನ. ಬಾವಿ ತೋಡಿದರು, ತೋಟ ಮಾಡಿದರು, ಮಗ್ಗ, ಎಣ್ಣೆ ಗಾಣ, ಹೈನು, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸಿದರು. ಬಾಸ್ಟನ್ನಿನ ಹತ್ತು ವರ್ಷದ ಒಪ್ಪಂದ 1898ರಲ್ಲಿ ಮುಗಿದ ಮೇಲೆ ನಿಶ್ಚಿತ ವರಮಾನ ನಿಂತುಹೋಯಿತು. ಆದರೂ ಎರಡು ಸಾವಿರ ಬಾಯಿಗೆ ದಿನಾ ಅನ್ನ ಬೀಳುತ್ತಿತ್ತು. ನಾಳಿನ ಅಕ್ಕಿಗೆ ಇಂದು ಪ್ರಾರ್ಥನೆ, ಇದು ಅವರ ಲೆಕ್ಕಪತ್ರ. ತಿಂಗಳ ಕೊನೆಯಲ್ಲಿ ಮಾರ್ಟ್‌ಗೇಜ್ ಕಂತಿನ ಚಿಂತೆಯಲ್ಲಿ ನಿದ್ದೆ ಕೆಡುವ ನನ್ನಂಥವನಿಗೆ ಇದು ನಂಬಲಿಕ್ಕೂ ಕಷ್ಟ. 1905ರಲ್ಲಿ ಆಶ್ರಮದ ಹುಡುಗಿಯರಲ್ಲಿ ಪ್ರಾರ್ಥನೆಯ ದೊಡ್ಡ ಉಜ್ಜೀವನವಾಯಿತು, ನೋಡಲು ದೂರದೂರದಿಂದ ಜನ ಬಂದರು. ರಮಾಬಾಯಿ ಸದ್ದಿಲ್ಲದೆ ಕೆಲಸ ಮಾಡಿಕೊಂಡಿದ್ದರು.

ಜಗಳಗಂಟಿತನ ಪೂರ್ತಿ ಹೋಯಿತೇ? ಇಲ್ಲ, ಸದ್ಯ! 1897ರಲ್ಲಿ ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳ ರಕ್ಷಣೆ ಸರಿಯಿಲ್ಲ ಎಂದು ಸರ್ಕಾರವನ್ನೇ ತರಾಟೆಗೆ ತೆಗೆದುಕೊಂಡು ಪತ್ರಿಕೆಗೆ ಬರೆದರು. ತನಗಾಗಿ ವಾದ ಮಾಡುವುದು ನಿಂತಿತ್ತು, ಬೇರೆಯವರಿಗಾಗಿ ಮಾಡುವುದು ನಿಂತಿರಲಿಲ್ಲ.

ಬಿಳಿ ಸೀರೆ, ಗಿಡ್ಡ ಕೂದಲು, ಹಿಂದಿನ ಸಸ್ಯಾಹಾರ. ಕಿವಿ ಪೂರ್ತಿ ಕೇಳದಂತಾಯಿತು. ಆ ಮೌನದಲ್ಲಿ ಅವರು ಕೊನೆಯ ಕೆಲಸ ಹಿಡಿದರು. ಮರಾಠಿ ಬೈಬಲ್ ಆಗಲೇ ಇತ್ತು, ಆದರೆ ಅದರ ಭಾಷೆ ಹಳ್ಳಿಯ ಹೆಂಗಸರಿಗೆ ಎಟುಕುವಂಥದ್ದಲ್ಲ ಎಂಬುದು ಅವರ ಕೊರಗು. ಸಂಸ್ಕೃತದ ಪಂಡಿತೆ ಸಂಸ್ಕೃತ ಪದಗಳನ್ನು ಆರಿಸಿ ತೆಗೆದು, ಆಡುಮಾತಿನ ಮರಾಠಿಯಲ್ಲಿ ಬೈಬಲ್ ಬರೆಯಲು ಕೂತರು. ಅದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತರು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಅನುವಾದಿಸಿದರು. ಬರಗಾಲದಲ್ಲಿ ಬದುಕಿ ಉಳಿದ ಹುಡುಗಿಯರು ಅಕ್ಷರ ಕಲಿತು, ಅಚ್ಚಿನ ಮೊಳೆ ಜೋಡಿಸಿ, ಆ ಪುಟಗಳನ್ನು ಅಚ್ಚು ಹಾಕಿದರು.

ಮಗಳು ಮನೋರಮಾ ತಾಯಿಯ ಬಲಗೈ. ಆಕೆ 1912ರಲ್ಲಿ ನಮ್ಮ ಕಲಬುರ್ಗಿಯಲ್ಲಿ ಒಂದು ಕ್ರೈಸ್ತ ಹೈಸ್ಕೂಲು ತೆರೆದದ್ದು ಎಷ್ಟು ಜನ ಕನ್ನಡಿಗರಿಗೆ ಗೊತ್ತು? ಘಟ್ಟದಿಂದ ಬುಟ್ಟಿಯಲ್ಲಿ ಇಳಿದು ಬಂದ ಮಗುವಿನ ಮಗಳು, ಕನ್ನಡ ನಾಡಿನ ಇನ್ನೊಂದು ತುದಿಗೆ ಹೀಗೆ ಮರಳಿ ಬಂದಳು. 1921ರ ಜುಲೈನಲ್ಲಿ, ನಲವತ್ತರ ವಯಸ್ಸಿನಲ್ಲಿ, ಮನೋರಮಾ ತೀರಿಕೊಂಡರು. ಅಪ್ಪ, ಅಮ್ಮ, ಅಕ್ಕ, ಅಣ್ಣ, ಗಂಡ, ಈಗ ಒಬ್ಬಳೇ ಮಗಳು. 1874ರಲ್ಲಿ ಇಂಥದ್ದೇ ಸಾವು ಅವರ ನಂಬಿಕೆಯನ್ನು ಬುಡಸಮೇತ ಕಿತ್ತಿತ್ತು. ಈ ಬಾರಿ ಅವರು ಮತ್ತೆ ಮೇಜಿನ ಮುಂದೆ ಕೂತು ಕರಡು ತಿದ್ದುವುದನ್ನು ಮುಂದುವರಿಸಿದರು.

1922ರ ಏಪ್ರಿಲ್ 5ರಂದು ರಮಾಬಾಯಿ ಕೇಡಗಾಂವ್‌ನಲ್ಲಿ ನಿಧನರಾದರು. ಅನುವಾದ ಅದಕ್ಕೆ ಸ್ವಲ್ಪವೇ ಮೊದಲು ಮುಗಿದಿತ್ತು. ಪೂರ್ತಿ ಪುಸ್ತಕ 1924ರಲ್ಲಿ ಹೊರಬಂತು, ಮುಕ್ತಿಯ ಅದೇ ಅಚ್ಚುಕೂಟದಿಂದ.